ಚಿತ್ರಗಳ ಪಕ್ಕದಲ್ಲಿ ಅಚ್ಚಾದ ಕಥೆಗಳು

ಕಳೆದ ಸಂಚಿಕೆಯಲ್ಲಿ ಅಮೆರಿಕದ ಭಯಾನಕ ಕಥೆಗಳ ಲೇಖಕ ಸ್ಟೀಫನ್ ಕಿಂಗ್ ಬಗ್ಗೆ ಬಂದ ಪ್ರಶ್ನೆಗೆ ಉತ್ತರಿಸುತ್ತಾ, ಅವರ ಆರಂಭದ ಕಥೆಗಳಲ್ಲಿ ಹಲವು 'ಕ್ಯಾವಲಿಯರ್' ಎಂಬ ಗಂಡಸರ ಪತ್ರಿಕೆಯಲ್ಲಿ, ಬೆತ್ತಲೆ ಚಿತ್ರಗಳ ನಡುವೆ ಅಚ್ಚಾದವು ಎಂದು ಒಂದೇ ಒಂದು ಸಾಲು ಬರೆದಿದ್ದೆ. ಲೇಖನದ ಉಳಿದ ಭಾಗವನ್ನು ಎಲ್ಲರೂ ಬಿಟ್ಟರು, ಆ ಸಾಲನ್ನು ಹಿಡಿದುಕೊಂಡರು. ಬಂದ ಪತ್ರಗಳಲ್ಲಿ ಹೆಚ್ಚಿನವರು ಹೆಸರು ಹಾಕಬೇಡಿ ಎಂದಿದ್ದಾರೆ. ಆದ್ದರಿಂದ ಈ ಬಾರಿ ಯಾರ ಹೆಸರೂ ಇಲ್ಲ, ಊರು ಮಾತ್ರ. ವಿಷಯವೂ ಇದೊಂದೇ.

ಪ್ರಶ್ನೆ: ಮೇಡಂ, 'ನಾನು ಪ್ಲೇಬಾಯ್ ತರಿಸೋದು ಲೇಖನ ಓದೋಕೆ' ಅನ್ನೋದು ಎಲ್ಲರೂ ಕೇಳಿರೋ ಹಳೇ ಜೋಕು. ನೀವು ಅದನ್ನೇ ಗಂಭೀರವಾಗಿ ಹೇಳ್ತಾ ಇದ್ದೀರಲ್ಲ? ಚಿತ್ರ ಮಾರೋಕೆ ಸಾಹಿತ್ಯದ ಮುಸುಕು ಹಾಕಿದ್ರು, ಅಷ್ಟೇ ಅಲ್ಲವೇ? (ಹಾಸನ)

ಪ್ಲೇಬಾಯ್ ಕೂಡ ಕ್ಯಾವಲಿಯರ್‌ನ ಹಾಗೆ ಬೆತ್ತಲೆ ಚಿತ್ರ ಹಾಕುತ್ತಿದ್ದ ಅಮೆರಿಕದ ಗಂಡಸರ ಪತ್ರಿಕೆ, ಅದಕ್ಕಿಂತ ಹೆಚ್ಚು ಹೆಸರಾದದ್ದು. ಮುಸುಕು ಎಂಬುದರಲ್ಲಿ ಅರ್ಧ ನಿಜವಿದೆ. ಆದರೆ ಆ ಜೋಕು ಒಂದು ಸಲ ಅಮೆರಿಕದ ನ್ಯಾಯಾಲಯದವರೆಗೂ ಹೋಗಿತ್ತು, ನಿಮಗೆ ಗೊತ್ತೇ? ಮೊದಲು ಅದನ್ನು ಹೇಳುತ್ತೇನೆ.

ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಅಂಧ ಓದುಗರಿಗಾಗಿಯೇ ಒಂದು ವಿಭಾಗವಿದೆ. ಪುಸ್ತಕ, ಪತ್ರಿಕೆಗಳನ್ನು ಬ್ರೈಲ್‌ನಲ್ಲಿ ಅಚ್ಚು ಹಾಕಿಸಿ ಅವರಿಗೆ ಉಚಿತವಾಗಿ ಕಳಿಸುವುದು ಅದರ ಕೆಲಸ. 1970ರಿಂದ ಆ ಪತ್ರಿಕೆಗಳ ಪಟ್ಟಿಯಲ್ಲಿ ಪ್ಲೇಬಾಯ್ ಕೂಡ ಇತ್ತು. ದಪ್ಪ ಹಾಳೆಯ ಮೇಲೆ ಉಬ್ಬಿದ ಚುಕ್ಕೆಗಳು. ಒಂದು ಚಿತ್ರವೂ ಇಲ್ಲ. ಬೆರಳಿಗೆ ಸಿಗುತ್ತಿದ್ದದ್ದು ಕಥೆ, ಲೇಖನ, ಸಂದರ್ಶನ ಮಾತ್ರ. 1985ರಲ್ಲಿ ಒಹಾಯೊದ ಸಂಸದ ಚಾಮರ್ಸ್ ವೈಲಿ ಸರ್ಕಾರದ ಹಣದಲ್ಲಿ ಇಂಥ ಪತ್ರಿಕೆ ಕೂಡದು ಎಂದು ಸದನದಲ್ಲಿ ಎದ್ದು ನಿಂತರು. ಪತ್ರಿಕೆಯ ಹೆಸರೆತ್ತಿ ನಿಷೇಧಿಸುವ ಬದಲು ಗ್ರಂಥಾಲಯದ ಬಜೆಟ್ಟಿನಿಂದ 1,03,000 ಡಾಲರ್ ಕಡಿತವಾಯಿತು. ಬ್ರೈಲ್ ಪ್ಲೇಬಾಯ್‌ಗೆ ವರ್ಷಕ್ಕೆ ತಗಲುತ್ತಿದ್ದ ಖರ್ಚು ಸರಿಯಾಗಿ ಅಷ್ಟೇ. ಆಗ ಆ ಗ್ರಂಥಾಲಯದ ಮುಖ್ಯಸ್ಥರಾಗಿದ್ದವರು ಇತಿಹಾಸಕಾರ ಡೇನಿಯಲ್ ಬೂರ್‌ಸ್ಟಿನ್. ಸದನದ ಇಂಗಿತ ಅವರಿಗೆ ಅರ್ಥವಾಯಿತು, ಅಚ್ಚು ನಿಲ್ಲಿಸಿದರು. ಅಂಧರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. 1986ರ ಆಗಸ್ಟಿನಲ್ಲಿ ನ್ಯಾಯಾಧೀಶ ಥಾಮಸ್ ಹೋಗನ್ ತೀರ್ಪು ಕೊಟ್ಟರು: ಪತ್ರಿಕೆಯಲ್ಲಿರುವ ವಿಚಾರ ಹಿಡಿಸಲಿಲ್ಲವೆಂದು ಓದುಗರ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಮಾತಿನ, ಅಚ್ಚಿನ ಸ್ವಾತಂತ್ರ್ಯ ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧ. ಬ್ರೈಲ್ ಪ್ರತಿ ಮತ್ತೆ ಶುರುವಾಯಿತು.

ಗ್ರಂಥಾಲಯದಲ್ಲೇ ದುಡಿದು ನಿವೃತ್ತಳಾದ ನನಗೆ ಈ ಪ್ರಕರಣ ಬಹಳ ದೊಡ್ಡದು. ಚಿತ್ರವೇ ಇಲ್ಲದ ಪ್ಲೇಬಾಯ್‌ಗೋಸ್ಕರ ಕೋರ್ಟು ಹತ್ತುವಷ್ಟು ಓದುಗರಿದ್ದರು! ಅವರಿಗೆ ಬೇಕಾಗಿದ್ದದ್ದು ಬರವಣಿಗೆ. ಬರವಣಿಗೆ ಅಂಥದ್ದಿತ್ತು.

ಅದು ಅಂಥದ್ದಾಗಿದ್ದು ಹೇಗೆ? ಹ್ಯೂ ಹೆಫ್ನರ್ ಮೊದಲ ಸಂಚಿಕೆ ತಂದದ್ದು 1953ರ ಡಿಸೆಂಬರಿನಲ್ಲಿ, ಶಿಕಾಗೋದಿಂದ. ಕೈಯಲ್ಲಿ ಹಣವಿರಲಿಲ್ಲ. ಹಾಗಾಗಿ ಹಕ್ಕುಸ್ವಾಮ್ಯದ ತೊಡಕಿಲ್ಲದ ಕಾನನ್ ಡಾಯ್ಲ್, ಆಂಬ್ರೋಸ್ ಬಿಯರ್ಸ್ ಬರಹಗಳನ್ನು ಹಾಕಿ ಪುಟ ತುಂಬಿಸಿದರು. ಮರುವರ್ಷ, 1954ರ ಮಾರ್ಚ್, ಏಪ್ರಿಲ್, ಮೇ ಸಂಚಿಕೆಗಳಲ್ಲಿ ರೇ ಬ್ರ್ಯಾಡ್ಬರಿಯ 'ಫ್ಯಾರನ್‌ಹೀಟ್ 451' ಧಾರಾವಾಹಿಯಾಗಿ ಬಂತು. ಪುಸ್ತಕ ಸುಡುವ ಸರ್ಕಾರವೊಂದರ ಕಥೆ. ಕಮ್ಯುನಿಸ್ಟರೆಂದು ಗುಮಾನಿಪಟ್ಟು ಜನರ ಬೆನ್ನುಹತ್ತುತ್ತಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಯ ಹೆಸರು ಕೇಳಿದರೆ ಪ್ರಾಧ್ಯಾಪಕರು, ಸಿನಿಮಾದವರು ನಡುಗುತ್ತಿದ್ದ ವರ್ಷಗಳು ಅವು. ಆಗಷ್ಟೇ ಕಣ್ಣುಬಿಟ್ಟ ಪತ್ರಿಕೆ ಇಂಥ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದನ್ನು ಬರೀ ಮುಸುಕು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

1955ರ ಆಗಸ್ಟಿನಲ್ಲಿ ಚಾರ್ಲ್ಸ್ ಬೋಮಂಟ್ ಬರೆದ 'ದಿ ಕ್ರುಕೆಡ್ ಮ್ಯಾನ್' ಬಂತು. ಸಲಿಂಗ ಪ್ರೇಮವೇ ರೂಢಿಯಾಗಿರುವ ಒಂದು ಕಾಲ. ಅಲ್ಲಿ ಹೆಣ್ಣನ್ನು ಪ್ರೀತಿಸುವ ಗಂಡೇ ಅಪರಾಧಿ, ಪ್ರೀತಿಸಿದವಳನ್ನು ಕದ್ದುಮುಚ್ಚಿ ನೋಡಬೇಕು. 'ಎಸ್ಕ್ವೈರ್' ಪತ್ರಿಕೆ ಆ ಕಥೆಯನ್ನು ತಿರಸ್ಕರಿಸಿತ್ತು. ಪ್ಲೇಬಾಯ್ ಹಾಕಿತು. ಸಿಟ್ಟಿನ ಪತ್ರಗಳು ಬಂದಾಗ ಹೆಫ್ನರ್ ಕೊಟ್ಟ ಉತ್ತರದ ಸಾರ ಇದು: ಆ ಕಲ್ಪಿತ ಸಮಾಜದಲ್ಲಿ ಆ ಗಂಡಸನ್ನು ಹಿಂಸಿಸುವುದು ತಪ್ಪೆಂದಾದರೆ, ನಮ್ಮ ಸಮಾಜದಲ್ಲಿ ಅದರ ತಿರುಗುಮುರುಗೂ ತಪ್ಪೇ. 1955ರ ಅಮೆರಿಕದಲ್ಲಿ ಈ ಮಾತನ್ನು ಅಚ್ಚಿನಲ್ಲಿ ಆಡಲು ದೊಡ್ಡ ದೊಡ್ಡ ಸಾಹಿತ್ಯ ಪತ್ರಿಕೆಗಳೂ ಹಿಂಜರಿಯುತ್ತಿದ್ದವು.

ಹಣ ಬಂದ ಮೇಲೆ ಹೆಫ್ನರ್ ಮಾಡಿದ ಜಾಣ ಕೆಲಸವೆಂದರೆ ಒಳ್ಳೆಯ ಸಂಪಾದಕರನ್ನು ಕರೆತಂದದ್ದು. 1956ರಲ್ಲಿ ನ್ಯೂಯಾರ್ಕಿನಿಂದ ಎ. ಸಿ. ಸ್ಪೆಕ್ಟೋರ್ಸ್ಕಿ ಬಂದರು. 1966ರಲ್ಲಿ ಕಥಾ ವಿಭಾಗಕ್ಕೆ ರೋಬಿ ಮೆಕಾಲಿ ಬಂದರು. ಮೆಕಾಲಿ ಅಲ್ಲಿಯವರೆಗೆ ಸಂಪಾದಿಸುತ್ತಿದ್ದದ್ದು 'ಕೆನ್ಯನ್ ರಿವ್ಯೂ' ಅನ್ನು. ಇಂಗ್ಲಿಷ್ ಎಂ.ಎ. ಓದಿದವರಿಗೆ ಆ ಹೆಸರಿನ ತೂಕ ಗೊತ್ತು: ವಿಶ್ವವಿದ್ಯಾಲಯದ ವಿಮರ್ಶಕರ ಪತ್ರಿಕೆ, ಪ್ರಸಾರ ಕೆಲವೇ ಸಾವಿರ. ಅಲ್ಲಿಂದ ಎದ್ದವರು ಬಂದು ಕೂತದ್ದು ಲಕ್ಷಗಟ್ಟಲೆ ಮಾರಾಟವಾಗುವ ಪತ್ರಿಕೆಯಲ್ಲಿ. 1972ರ ನವೆಂಬರ್ ಸಂಚಿಕೆಯೊಂದೇ 70 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಮೆಕಾಲಿ ತಮ್ಮ ಅಭಿರುಚಿಯನ್ನು ಕೆನ್ಯನ್‌ನಲ್ಲೇ ಬಿಟ್ಟು ಬರಲಿಲ್ಲ. 1971ರ ನವೆಂಬರಿನಲ್ಲಿ ಕೊಲಂಬಿಯಾದ ಕಾದಂಬರಿಕಾರ ಮಾರ್ಕೆಸ್‌ನ 'ದಿ ಹ್ಯಾಂಡ್‌ಸಮೆಸ್ಟ್ ಡ್ರೌನ್ಡ್ ಮ್ಯಾನ್ ಇನ್ ದಿ ವರ್ಲ್ಡ್' ಇಂಗ್ಲಿಷಿನಲ್ಲಿ ಬಂದದ್ದು ಅಲ್ಲಿ. ಕಡಲತಡಿಯ ಹಳ್ಳಿಗೆ ತೇಲಿಬಂದ ಗುರುತಿಲ್ಲದ ಹೆಣವೊಂದನ್ನು ಊರ ಹೆಂಗಸರು ತೊಳೆದು, ಬಟ್ಟೆ ಹೊಲಿದು ತೊಡಿಸಿ, ಹೆಸರಿಟ್ಟು, ತಮ್ಮವನನ್ನಾಗಿ ಮಾಡಿಕೊಂಡು ಅಳುವ ಕಥೆ. ಮಾರ್ಕೆಸ್‌ಗೆ ನೊಬೆಲ್ ಬರಲು ಇನ್ನೂ 11 ವರ್ಷವಿತ್ತು.

ಇಷ್ಟಿದ್ದರೂ ಇವುಗಳ ಮಾತೇ ಏಕೆ ಕೇಳಿಬರುವುದಿಲ್ಲ? ಕಾರಣ ಸರಳ. ಗ್ರಂಥಾಲಯಗಳು ಇಂಥ ಪತ್ರಿಕೆಗಳನ್ನು ಕೊಳ್ಳುತ್ತಿರಲಿಲ್ಲ. ಕೊಂಡರೂ ಬೈಂಡ್ ಮಾಡಿ ಇಡುತ್ತಿರಲಿಲ್ಲ. ಇಟ್ಟರೆ ಪುಟಗಳು ಉಳಿಯುತ್ತಿರಲಿಲ್ಲ. ಚಿತ್ರ ಹರಿದುಕೊಂಡು ಹೋದವನ ಜೊತೆ ಅದರ ಬೆನ್ನಿಗಿದ್ದ ಕಥೆಯ ಕಡೆಯ ಪುಟವೂ ಹೋಗುತ್ತಿತ್ತು. ಕಥೆ ಮುಂದೆ ಸಂಕಲನಕ್ಕೆ ಸೇರಿದಾಗ, ಮೊದಲು ಎಲ್ಲಿ ಅಚ್ಚಾಯಿತು ಎಂಬ ವಿವರ ಹಕ್ಕುಸ್ವಾಮ್ಯದ ಪುಟದ ಇರುವೆಗಾತ್ರದ ಅಕ್ಷರಗಳಲ್ಲಿ ಕೂತುಬಿಡುತ್ತದೆ. ಹೊಸ ಪುಸ್ತಕಗಳನ್ನು ಕ್ಯಾಟಲಾಗ್ ಮಾಡುವಾಗ ಆ ಪುಟವನ್ನು ತಪ್ಪದೆ ಓದುವುದು ನನ್ನ ಕೆಲಸವಾಗಿತ್ತು, ಆಮೇಲೆ ಚಟವೂ ಆಯಿತು. ಈ ಪತ್ರಿಕೆಗಳ ಕಥೆ ನನಗೆ ಗೊತ್ತಾದದ್ದು ಆ ದಾರಿಯಲ್ಲೇ. ಬ್ರ್ಯಾಡ್ಬರಿ, ನಬಕೋವ್, ಸಿಂಗರ್, ವಾನೆಗಟ್, ಅಟ್‌ವುಡ್, ಮುರಕಾಮಿ... ಯಾರ ಪುಸ್ತಕ ತೆರೆದರೂ ಮೂಲೆಯಲ್ಲಿ ಅದೇ ಹೆಸರು.

ಎಲ್ಲವೂ ಚಿನ್ನ ಎಂದು ನಾನು ಹೇಳುತ್ತಿಲ್ಲ. ರೋಲ್ಡ್ ಡಾಲ್ ಈ ಪತ್ರಿಕೆಗೆಂದು ಬರೆದ ಕಥೆಗಳಿವೆ. 1974ರ ಏಪ್ರಿಲ್ ಸಂಚಿಕೆಯ ಒಂದರಲ್ಲಿ ಇಬ್ಬರು ಗಂಡಂದಿರು ಹೆಂಡತಿಯರಿಗೆ ಗೊತ್ತಾಗದ ಹಾಗೆ ರಾತ್ರಿ ಮನೆ ಅದಲುಬದಲು ಮಾಡಿಕೊಳ್ಳುವ ಸಂಚು ಹೂಡುತ್ತಾರೆ. ಕಥೆ ಕಟ್ಟುವ ಕೈಚಳಕ ಅದ್ಭುತ. ಆದರೆ ಓದಿ ಮುಗಿಸಿದಾಗ ನನಗೆ ಉಳಿದದ್ದು ಕಹಿ. ಆ ಹೆಂಗಸರನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲವಲ್ಲ ಎಂಬ ಸಿಟ್ಟು. ಪತ್ರಿಕೆಯ ಗುಣ, ಪತ್ರಿಕೆಯ ರೋಗ ಎರಡೂ ಒಂದೇ ಕಥೆಯಲ್ಲಿ ಕಾಣಬೇಕೆಂದರೆ ಅದನ್ನು ಓದಿ.

ಪ್ರಶ್ನೆ: ಅಕ್ಕಾ, ಹೆಣ್ಣನ್ನು ನಡುಪುಟಕ್ಕೆ ಮಡಚಿಟ್ಟು ಮಾರಿದ ಪತ್ರಿಕೆಯನ್ನು ನೀವು, ಒಬ್ಬ ಹೆಂಗಸು, ಹೊಗಳುವುದು ನನಗೆ ಬೇಸರ ತಂದಿತು. ಅಲ್ಲಿ ಹೆಂಗಸರು ಬರೆದದ್ದಾದರೂ ಉಂಟೇ? (ಮೈಸೂರು)

ನಿಮ್ಮ ಬೇಸರ ನ್ಯಾಯವಾದದ್ದು ತಂಗಿ. ಕಥೆ ಚೆನ್ನಾಗಿತ್ತು ಎಂಬುದು ಪಕ್ಕದ ಪುಟಕ್ಕೆ ಸಮಜಾಯಿಷಿ ಆಗುವುದಿಲ್ಲ. 1963ರಲ್ಲಿ ಸ್ತ್ರೀವಾದಿ ಪತ್ರಕರ್ತೆ ಗ್ಲೋರಿಯಾ ಸ್ಟೈನಮ್ ಬೇರೆ ಹೆಸರಿಟ್ಟುಕೊಂಡು ನ್ಯೂಯಾರ್ಕಿನ ಪ್ಲೇಬಾಯ್ ಕ್ಲಬ್ಬಿನಲ್ಲಿ 'ಬನ್ನಿ'ಯಾಗಿ, ಅಂದರೆ ಮೊಲದ ಕಿವಿ, ಬಾಲ ತೊಟ್ಟ ಪರಿಚಾರಿಕೆಯಾಗಿ ಕೆಲಸಕ್ಕೆ ಸೇರಿ, ಅಲ್ಲಿನ ಹುಡುಗಿಯರ ಸಂಬಳ, ಕಾಲುನೋವು, ಬಿಗಿಯುಡುಪು, ಗಿರಾಕಿಗಳ ಕಾಟ ಎಲ್ಲವನ್ನೂ ಬರೆದರು. ಆ ಬರಹವನ್ನು ಓದದೆ ಈ ಪತ್ರಿಕೆಯ ಬಗ್ಗೆ ಮಾತಾಡಬಾರದು ಎನ್ನುವವಳು ನಾನು.

ಹೆಂಗಸರು ಬರೆದರೇ ಎಂಬುದಕ್ಕೆ, ಹೌದು, ಬರೆದರು. ಗಂಡಸರಿಗೆ ಹೋಲಿಸಿದರೆ ತೀರಾ ಕಡಿಮೆ. ಜಾಯ್ಸ್ ಕ್ಯಾರಲ್ ಓಟ್ಸ್ ಬರೆದರು. ಮಾರ್ಗರೆಟ್ ಅಟ್‌ವುಡ್‌ರ 'ದಿ ಬಾಗ್ ಮ್ಯಾನ್' 1991ರ ಜನವರಿಯಲ್ಲಿ ಬಂತು. 1980ರಿಂದ 2000ದವರೆಗೆ ಅಲ್ಲಿನ ಕಥಾ ವಿಭಾಗವನ್ನು ನಡೆಸಿದ್ದೇ ಆಲಿಸ್ ಟರ್ನರ್ ಎಂಬ ಹೆಣ್ಣುಮಗಳು. ಆದರೆ ನಾನು ನಿಮಗೆ ಹೇಳಬೇಕಾದದ್ದು ಅಮೆರಿಕದ ವಿಜ್ಞಾನ ಕಥೆಗಾರ್ತಿ ಅರ್ಸುಲಾ ಲ ಗ್ವಿನ್ ಪ್ರಸಂಗ.

ಲ ಗ್ವಿನ್ 'ನೈನ್ ಲೈವ್ಸ್' ಎಂಬ ಕಥೆ ಬರೆದರು. ಅವರ ಏಜೆಂಟ್ ಅದನ್ನು ಪ್ಲೇಬಾಯ್‌ಗೆ ಕಳಿಸಿದರು. ಕಥೆ ಒಪ್ಪಿತವಾಯಿತು. ಆಮೇಲೆ ಪತ್ರಿಕೆಯವರಿಂದ ಒಂದು ವಿನಂತಿ: ಹೆಣ್ಣಿನ ಹೆಸರು ಕಂಡರೆ ನಮ್ಮ ಓದುಗರು ಗಾಬರಿಯಾಗಬಹುದು, 'ಯು. ಕೆ. ಲ ಗ್ವಿನ್' ಎಂದು ಹಾಕಬಹುದೇ? ಅವರು ಒಪ್ಪಿದರು. ಲೇಖಕರ ಪರಿಚಯಕ್ಕೆ ಎರಡು ಮಾತು ಕಳಿಸಿ ಎಂದಾಗ, ಯು. ಕೆ. ಲ ಗ್ವಿನ್ ಬರೆದದ್ದನ್ನು ನಿಜಕ್ಕೂ ಬರೆದವರು ಅದೇ ಹೆಸರಿನ ಬೇರೆ ಯಾರೋ ಎಂಬ ಗುಮಾನಿ ಜನರಲ್ಲಿದೆ ಎಂಬರ್ಥದ ಒಂದು ವಾಕ್ಯ ಬರೆದು ಕಳಿಸಿದರು. ಪತ್ರಿಕೆ ಅದನ್ನು ಹಾಗೇ ಅಚ್ಚು ಹಾಕಿತು. ಹೆಣ್ಣು ಬರಹಗಾರ್ತಿ ಎಂಬ ಕಾರಣಕ್ಕೆ ಸಂಪಾದಕರಿಂದ ತನಗೆ ತಾರತಮ್ಯ ಎದುರಾದದ್ದು ಅದೊಂದೇ ಸಲ ಎಂದು ಮುಂದೆ ಅವರು ಬರೆದಿದ್ದಾರೆ, ಒಪ್ಪಿಕೊಂಡದ್ದರ ಬಗ್ಗೆ ಕಸಿವಿಸಿಯನ್ನೂ ಹೇಳಿಕೊಂಡಿದ್ದಾರೆ.

ಇನ್ನು ಕಥೆ. ದೂರದ ಗ್ರಹವೊಂದರ ಗಣಿಯಲ್ಲಿ ಇಬ್ಬರೇ ಗಂಡಸರು, ಪ್ಯೂ ಮತ್ತು ಮಾರ್ಟಿನ್, ಬಹುಕಾಲ ಒಟ್ಟಿಗಿದ್ದು ಒಬ್ಬರ ಮುಖ ಒಬ್ಬರಿಗೆ ಬೇಸರವಾಗಿದೆ. ಅಲ್ಲಿಗೆ ಹತ್ತು ಮಂದಿಯ ಹೊಸ ತಂಡ ಬರುತ್ತದೆ. ಹತ್ತೂ ಮಂದಿ ಒಬ್ಬನೇ ಮನುಷ್ಯನಿಂದ ಮಾಡಿದ ತದ್ರೂಪಿಗಳು, ಐವರು ಗಂಡು, ಐವರು ಹೆಣ್ಣು. ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುತ್ತಾರೆ. ಹೊರಗಿನವರ ಅಗತ್ಯ ಅವರಿಗಿಲ್ಲ. ಭೂಕಂಪವಾಗಿ ಗಣಿ ಕುಸಿಯುತ್ತದೆ, ಒಂಬತ್ತು ಮಂದಿ ಸಾಯುತ್ತಾರೆ, ಕಾಫ್ ಎಂಬವನೊಬ್ಬ ಉಳಿಯುತ್ತಾನೆ. ಉಳಿದವನು ಆ ಒಂಬತ್ತು ಸಾವುಗಳನ್ನೂ ತನ್ನ ಮೈಯಲ್ಲೇ ಅನುಭವಿಸುತ್ತಾನೆ. ಅವನಿಗೆ ಬದುಕಿನಲ್ಲಿ ಮೊದಲ ಸಲ ತಾನಲ್ಲದ ಇನ್ನೊಬ್ಬನನ್ನು ನೋಡಬೇಕಾಗಿದೆ, ಆದರೆ ನೋಡುವುದು ಹೇಗೆಂದೇ ಗೊತ್ತಿಲ್ಲ. ಅಪರಿಚಿತರಾದ ನೀವಿಬ್ಬರು ಒಬ್ಬರಿಗೊಬ್ಬರು ಹೇಗೆ ಆತುಕೊಂಡಿದ್ದೀರಿ ಎಂಬುದೇ ಅವನಿಗೆ ಬಿಡಿಸಲಾಗದ ಒಗಟು. ಪ್ಯೂ ಹೇಳುವ ಮಾತಿನ ಹುರುಳು ಇಷ್ಟು: ನಾವೆಲ್ಲ ಒಂಟಿಗಳೇ, ಕತ್ತಲಲ್ಲಿ ಕೈ ಚಾಚುವುದು ಬಿಟ್ಟರೆ ಬೇರೇನು ಮಾಡಲು ಸಾಧ್ಯ?

ಇದು ಪ್ಲೇಬಾಯ್‌ನ 1969ರ ನವೆಂಬರ್ ಸಂಚಿಕೆಯಲ್ಲಿ ಬಂದ ಕಥೆ. ಕಾಮ ಕೆರಳಿಸುವ ಸಾಲು ಅದರಲ್ಲಿ ಹುಡುಕಿದರೂ ಸಿಗದು. ನನಗೆ ಗೊತ್ತಿರುವ ಸ್ನೇಹದ ಕಥೆಗಳಲ್ಲಿ ಇದಕ್ಕೆ ಸಮನಾದವು ಬಹಳ ಕಡಿಮೆ. ಈಗ ಹೇಳಿ ತಂಗಿ: ಆ ಪತ್ರಿಕೆಯ ಮೇಲಿನ ಸಿಟ್ಟಿಗೆ ಈ ಕಥೆಯನ್ನೂ ಬಿಟ್ಟುಬಿಟ್ಟರೆ, ಹೆಸರು ಮುಚ್ಚಿಟ್ಟವರ ಕೆಲಸವನ್ನು ನಾವೇ ಮುಂದುವರಿಸಿದಂತೆ ಆಗುವುದಿಲ್ಲವೇ? ನಾನು ಓದುವುದು ಅರ್ಸುಲಾಗಾಗಿ. ಪತ್ರಿಕೆಯನ್ನು ಕ್ಷಮಿಸುವುದಕ್ಕಲ್ಲ.

ಪ್ರಶ್ನೆ: ಪಂಡಿತ್ ನೆಹರೂ ಪ್ಲೇಬಾಯ್‌ಗೆ ಸಂದರ್ಶನ ಕೊಟ್ಟಿದ್ದರು ಎಂದು ವಾಟ್ಸಾಪ್‌ನಲ್ಲಿ ಓದಿದೆ. ಸುಳ್ಳು ತಾನೇ? (ದಾವಣಗೆರೆ)

ಅಚ್ಚಾದದ್ದು ನಿಜ. 1963ರ ಅಕ್ಟೋಬರ್ ಸಂಚಿಕೆಯಲ್ಲಿ ನೆಹರೂ ಸಂದರ್ಶನ ಎಂದು ಬಂದಿತ್ತು. ಆದರೆ ಅವರು ಈ ಪತ್ರಿಕೆಗೆಂದು ಕೂತು ಮಾತಾಡಿದ್ದಲ್ಲ, ಅಲ್ಲಿ ಇಲ್ಲಿ ಸಾರ್ವಜನಿಕವಾಗಿ ಆಡಿದ್ದ ಮಾತುಗಳನ್ನು ಜೋಡಿಸಿದ್ದು ಎಂದು ಆಮೇಲೆ ನೆಹರೂ ಕಡೆಯವರು ತಿಳಿಸಿದರು. ನಿಮಗೆ ಅದನ್ನು ಕಳಿಸಿದವರು ಅರ್ಧ ಮಾತ್ರ ಕಳಿಸಿದ್ದಾರೆ. ಇನ್ನರ್ಧವನ್ನು ನೀವು ಅವರಿಗೆ ಕಳಿಸಿ.

ಆ ಸಂದರ್ಶನ ಮಾಲಿಕೆಯ ಬಗ್ಗೆ ಮಾತ್ರ ನನಗೆ ಅಪಾರ ಗೌರವ. ಅದನ್ನು ಆರಂಭಿಸಿಕೊಟ್ಟವರು ಅಲೆಕ್ಸ್ ಹೇಲಿ, ಮುಂದೆ 'ರೂಟ್ಸ್' ಬರೆದರಲ್ಲ, ಅವರೇ. 1962ರ ಸೆಪ್ಟೆಂಬರಿನಲ್ಲಿ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಜೊತೆ ಮೊದಲನೆಯದು. ಸಂಗೀತದ ಮಾತಿಗಿಂತ ಕರಿಯನಾಗಿ ಬದುಕುವುದು ಎಂದರೇನು ಎಂಬ ಮಾತೇ ಅದರಲ್ಲಿ ಹೆಚ್ಚು. 1963ರ ಮೇ ತಿಂಗಳಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್. ಆ ಪರಿಚಯವೇ ಬೆಳೆದು ಮಾಲ್ಕಮ್ ಎಕ್ಸ್ ಆತ್ಮಕಥೆಯಾಯಿತು. 1965ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್. 1966ರ ಏಪ್ರಿಲಿನಲ್ಲಿ ಅಮೆರಿಕದ ನಾಜಿ ಪಕ್ಷದ ಜಾರ್ಜ್ ಲಿಂಕನ್ ರಾಕ್‌ವೆಲ್: ಎದುರಿಗೆ ಕೂತವನು ಕಪ್ಪು ಮನುಷ್ಯ ಎಂದು ಕುರ್ಚಿಯ ಕೈ ಮೇಲೆ ಪಿಸ್ತೂಲು ಇಟ್ಟುಕೊಂಡೇ ಮಾತಾಡಿದ. ಹೇಲಿ ದನಿ ಏರಿಸಲಿಲ್ಲ, ಪ್ರಶ್ನೆ ಕೇಳುತ್ತಲೇ ಹೋದರು. ಆ ಮನುಷ್ಯ ತನ್ನ ದ್ವೇಷವನ್ನು ತನ್ನ ಬಾಯಿಂದಲೇ ಪೂರ್ತಿ ಬಿಚ್ಚಿಡುವವರೆಗೆ. ಪ್ರಶ್ನೋತ್ತರದ ಅಂಕಣ ಬರೆಯುವ ನನ್ನಂಥವಳಿಗೆ ಅದು ಪಾಠ. ಪುಟದ ಮಿತಿಯಿಲ್ಲದೆ ಅಷ್ಟುದ್ದ ಮಾತಾಡಲು ಬಿಡುವ ಪತ್ರಿಕೆ ಆಗ ಬೇರೆ ಯಾವುದಿತ್ತು?

'ಲೋಲಿಟಾ' ಬರೆದ ನಬಕೋವ್ ಸಂದರ್ಶನವನ್ನೂ (1964ರ ಜನವರಿ) ಹುಡುಕಿ ಓದಿ. ಪ್ರಶ್ನೆ ಕೇಳಿದವರು ಆಲ್ವಿನ್ ಟಾಫ್ಲರ್. ನಬಕೋವ್ ಬಾಯಿಮಾತಿಗೆ ಒಪ್ಪುವವರೇ ಅಲ್ಲ. ಪ್ರಶ್ನೆಗಳನ್ನು ಬರೆದು ಕೊಡಿಸಿಕೊಂಡು, ಉತ್ತರಗಳನ್ನೂ ತಿದ್ದಿ ತೀಡಿ ಬರೆದೇ ಕೊಟ್ಟರು.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥದ್ದೇನಾದರೂ ಇತ್ತೇ? (ಬೆಳಗಾವಿ)

ಇತ್ತು. 'ಡೆಬೊನೇರ್'. ಮುಂಬಯಿಯಿಂದ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು. 1974ರಲ್ಲಿ ವಿನೋದ್ ಮೆಹ್ತಾ ಅದರ ಸಂಪಾದಕರಾದರು, ಮುಂದೆ 'ಔಟ್‌ಲುಕ್' ಕಟ್ಟಿದವರು. ಚಿತ್ರ ಬಿಡುವಂತಿಲ್ಲ, ಮಾಲೀಕರ ವ್ಯಾಪಾರ ನಡೆಯಬೇಕು. ಆದರೆ ಪುಟಗಳ ನಡುವೆ ತಮಗೆ ಬೇಕಾದ ರಾಜಕೀಯ, ಸಂದರ್ಶನ, ಸಾಹಿತ್ಯ ಎಲ್ಲವನ್ನೂ ತಂದರು. ಕವಿತೆಗಳ ಪುಟವನ್ನು ನೋಡಿಕೊಳ್ಳುತ್ತಿದ್ದವರು ಕವಯಿತ್ರಿ ಇಮ್ತಿಯಾಜ್ ಧಾರ್ಕರ್. ಮುಂಬಯಿಯ ಇಂಗ್ಲಿಷ್ ಕವಿಗಳಿಗೆ ಗೌರವದಿಂದ ಜಾಗ ಕೊಡುತ್ತಿದ್ದ ಪತ್ರಿಕೆಗಳು ಆಗ ಬೆರಳೆಣಿಕೆಯಷ್ಟು, ಅದರಲ್ಲಿ ಇದೂ ಒಂದು. ಭಾರತೀಯ ಇಂಗ್ಲಿಷ್ ಕಾವ್ಯದ ಚರಿತ್ರೆ ಬರೆಯುವವರು ಈ ಮಾತನ್ನು ತಲೆ ತಗ್ಗಿಸದೆ ಬರೆಯಬೇಕು.

ಇನ್ನೊಂದು ನಂಟು ಹೇಳುತ್ತೇನೆ, ಇದು ನನಗೆ ಬಹಳ ಇಷ್ಟ. ಶ್ರೀಲಂಕಾದಲ್ಲಿ ನೆಲೆಸಿದ್ದ ವಿಜ್ಞಾನ ಕಥೆಗಾರ ಆರ್ಥರ್ ಕ್ಲಾರ್ಕ್ ಪ್ಲೇಬಾಯ್‌ನ 1960ರ ಮೇ ಸಂಚಿಕೆಗೆ 'ಐ ರಿಮೆಂಬರ್ ಬ್ಯಾಬಿಲಾನ್' ಎಂಬ ಕಥೆ ಬರೆದರು. ಕಥೆಯ ನಿರೂಪಕ ಕ್ಲಾರ್ಕ್ ಅವರೇ. ಕೊಲಂಬೊದಲ್ಲಿ ಸಿಕ್ಕ ಒಬ್ಬ ಅಮೆರಿಕದವನು, ಆಕಾಶದ ಉಪಗ್ರಹದಿಂದ ನೇರವಾಗಿ ಅಮೆರಿಕದ ಮನೆಮನೆಯ ಟಿ.ವಿ.ಗೆ, ಯಾವ ಸೆನ್ಸಾರಿಗೂ ಸಿಗದಂತೆ, ಕಾಮವನ್ನೂ ಅದರ ಬೆನ್ನಿಗೆ ರಾಜಕೀಯ ಪ್ರಚಾರವನ್ನೂ ಬಿತ್ತರಿಸುವ ಯೋಜನೆ ಬಿಚ್ಚಿಡುತ್ತಾನೆ. ಮಾದರಿಗೆಂದು ಅವನು ತೋರಿಸುವ ಚಿತ್ರ ಯಾವುದರದ್ದು ಗೊತ್ತೇ? ಕೋನಾರ್ಕದ ಸೂರ್ಯ ದೇವಾಲಯದ ಶಿಲ್ಪಗಳದ್ದು. ಕಲೆಯ ಹೆಸರು ಹೇಳಿ, ಯಾರೂ ಆಕ್ಷೇಪ ಎತ್ತದ ಹಾಗೆ ಬಾಗಿಲು ತೆರೆಯುವುದು, ಆಮೇಲೆ ಬೇರೆ ಸರಕು ಒಳಗೆ ತರುವುದು. ಉಪಗ್ರಹ ಟಿ.ವಿ. ಬರುವ ಮೊದಲೇ ಬರೆದದ್ದು ಇದು. ಅದಕ್ಕಿಂತ ಮುಖ್ಯವಾಗಿ, ಬೆತ್ತಲೆ ಚಿತ್ರ ಮಾರುವ ಪತ್ರಿಕೆಯೊಳಗೇ ಕೂತು, ಬೆತ್ತಲೆಯನ್ನು ಹೇಗೆ ಮಾರುತ್ತಾರೆ, ಅದರ ಜೊತೆ ಇನ್ನೇನೇನು ಮಾರುತ್ತಾರೆ ಎಂದು ಬಿಡಿಸಿ ಹೇಳಿದ ಕಥೆ. ಸಂಪಾದಕರು ಅದನ್ನು ಅಚ್ಚು ಹಾಕಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಆ ಸಂಪಾದಕರಿಗೆ ನಾನು ಕೊಡಲಾರೆ.

ಪ್ರಶ್ನೆ: ಮೇಡಂ, ನನ್ನ ವಯಸ್ಸು 26, ಕಥೆ ಬರೆಯುತ್ತೇನೆ. ನಾಲ್ಕಾರು ಕಡೆ ವಾಪಸ್ ಬಂದ ಕಥೆಯೊಂದನ್ನು 'ವಯಸ್ಕರಿಗೆ ಮಾತ್ರ' ಎಂಬ ಆನ್‌ಲೈನ್ ಪತ್ರಿಕೆಯೊಂದು ಒಪ್ಪಿದೆ, ಹಣವನ್ನೂ ಕೊಡುತ್ತಾರೆ. ಕಥೆಯಲ್ಲಿ ಅಶ್ಲೀಲ ಏನೂ ಇಲ್ಲ. ಅಲ್ಲಿ ಬಂದರೆ ಮುಂದೆ ಹೆಸರು ಕೆಡುತ್ತದೆಯೇ? (ಶಿವಮೊಗ್ಗ)

ಮಗಾ, ಸ್ಟೀಫನ್ ಕಿಂಗ್‌ರ ಮಾತಿಗೇ ಮತ್ತೆ ಬರುತ್ತೇನೆ. 1970ರಲ್ಲಿ 'ಗ್ರೇವ್‌ಯಾರ್ಡ್ ಶಿಫ್ಟ್' ಕಥೆಗೆ 'ಕ್ಯಾವಲಿಯರ್' 200 ಡಾಲರ್ ಕೊಟ್ಟಿತು. ಅವರು ಲಾಂಡ್ರಿಯಲ್ಲಿ ಆಸ್ಪತ್ರೆಯ, ಹೋಟೆಲಿನ ಚಾದರ ಒಗೆಯುವ ಕಾಲ ಆಗ ಶುರುವಾಗುವುದರಲ್ಲಿತ್ತು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಒಂದು ದಿನ, ಮಗಳಿಗೆ ಕಿವಿಸೋಂಕು, ಔಷಧಿಗೆ ಕೈಯಲ್ಲಿ ಕಾಸಿಲ್ಲ. ಮನೆಗೆ ಬಂದು ನೋಡಿದರೆ ಟಪ್ಪಾಲಿನಲ್ಲಿ ಆ ಪತ್ರಿಕೆಯ ಕಂಪನಿಯ ಲಕೋಟೆ; 'ಸಮ್‌ಟೈಮ್ಸ್ ದೇ ಕಮ್ ಬ್ಯಾಕ್' ಕಥೆಗೆ 500 ಡಾಲರಿನ ಚೆಕ್ಕು. ಮಗುವಿನ ಔಷಧಿ ಅದರಲ್ಲಿ ಬಂತು. ಇದನ್ನು ಅವರು ತಮ್ಮ ನೆನಪುಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರ ಮೊದಲು ಅಚ್ಚಾದ ಕಾದಂಬರಿ 'ಕ್ಯಾರೀ' ಕೂಡ ಆ ಪತ್ರಿಕೆಗೆ ಸಣ್ಣಕಥೆಯೊಂದನ್ನು ಬರೆಯೋಣ ಎಂದು ಶುರುವಾದದ್ದೇ. ಬೇಡವೆಂದು ಮುದುರಿ ಬಿಸಾಡಿದ್ದ ಹಾಳೆಗಳನ್ನು ಕಸದ ಬುಟ್ಟಿಯಿಂದ ಎತ್ತಿ, ಬೂದಿ ಕೊಡವಿ, ಓದಿ, 'ಇದನ್ನು ಬಿಡಬೇಡಿ' ಎಂದವರು ಹೆಂಡತಿ ಟ್ಯಾಬಿತಾ.

ಮಾರಿಯೋ ಪುಜೋ ಕೂಡ 'ಗಾಡ್‌ಫಾದರ್' ಬರೆಯುವ ಮುಂಚೆ ವರ್ಷಗಟ್ಟಲೆ ಗಂಡಸರ ಸಾಹಸದ ಪತ್ರಿಕೆಗಳಿಗೆ ಬೇರೆ ಹೆಸರಿನಲ್ಲಿ ಬರೆದು ಸಂಸಾರ ಸಾಕಿದವರು. ಅಲ್ಲಿ ವಾರಕ್ಕಿಷ್ಟು ಪುಟ ಬರೆಯಲೇಬೇಕಾದ ಒತ್ತಡದಲ್ಲೇ ಕಥೆ ಓಡಿಸುವ ಕೈ ಪಳಗಿತು ಎಂದು ನನ್ನ ನಂಬಿಕೆ.

ಆದ್ದರಿಂದ ಹೆಸರು ಕೆಡುವ ಭಯ ಬಿಡು. ಆದರೆ ಕೊಡುವ ಮೊದಲು ಮೂರು ಮಾತು ಕೇಳಿ ತಿಳಿದುಕೋ. ಕಥೆಯಲ್ಲಿ ತಿದ್ದುಪಡಿ ಮಾಡಿದರೆ ನಿನಗೆ ತೋರಿಸುತ್ತಾರೆಯೇ? ನಿನ್ನ ಕಥೆಯ ಜೊತೆ ಯಾವ ಚಿತ್ರ ಹಾಕುತ್ತಾರೆ? ಚಿತ್ರದಲ್ಲಿರುವವರು ಒಪ್ಪಿ ಕೊಟ್ಟ ಚಿತ್ರವೇ ಅದು? ಈಗಿನ ಕಾಲದಲ್ಲಿ ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಕದ್ದ ಚಿತ್ರ, ಯಾರದೋ ಮುಖ ಅಂಟಿಸಿ ಮಾಡಿದ ಚಿತ್ರ ಹಾಕುವ ಜಾಗವಾದರೆ ಎಷ್ಟು ಹಣ ಕೊಟ್ಟರೂ ಬೇಡ, ಕಥೆ ನಿನ್ನ ಹತ್ತಿರವೇ ಇರಲಿ. ಮತ್ತೆ ಹಕ್ಕುಸ್ವಾಮ್ಯ: ಒಂದು ಸಲ ಪ್ರಕಟಿಸುವ ಹಕ್ಕು ಮಾತ್ರ ಕೊಟ್ಟು, ಮುಂದೆ ಸಂಕಲನಕ್ಕೆ ಸೇರಿಸುವ ಹಕ್ಕು ನಿನ್ನಲ್ಲೇ ಉಳಿದಿದೆ ಎಂದು ಇಮೇಲಿನಲ್ಲಾದರೂ ಬರೆಸಿಕೋ. ಇಷ್ಟೂ ಸರಿಯಿದ್ದರೆ ನಿನ್ನ ಸ್ವಂತ ಹೆಸರಿನಲ್ಲೇ ಕೊಡು. ಗುಪ್ತನಾಮ ಬೇಡ.

ಪ್ರಶ್ನೆ: ಈ ಕಥೆಗಳನ್ನು ಓದಬೇಕೆಂದರೆ ಆ ಪತ್ರಿಕೆಗಳನ್ನೇ ಹುಡುಕಬೇಕೇ? ಮನೆಯಲ್ಲಿ ಮಕ್ಕಳಿದ್ದಾರೆ. (ಉಡುಪಿ)

ಬೇಕಾಗಿಲ್ಲ. ಪ್ಲೇಬಾಯ್‌ನ ಅಮೆರಿಕದ ಮುದ್ರಿತ ಪತ್ರಿಕೆ 2020ರಲ್ಲಿ ನಿಂತೂ ಹೋಗಿತ್ತು, ಮತ್ತೆ ಬಂದದ್ದು 2025ರಲ್ಲಿ. ನಾನು ಹೇಳಿದ ಕಥೆಗಳೆಲ್ಲ ಮರ್ಯಾದಸ್ಥ ಪುಸ್ತಕಗಳಲ್ಲಿ ಸಿಗುತ್ತವೆ. 'ನೈನ್ ಲೈವ್ಸ್' ಲ ಗ್ವಿನ್‌ರ 'ದಿ ವಿಂಡ್ಸ್ ಟ್ವೆಲ್ವ್ ಕ್ವಾರ್ಟರ್ಸ್' ಸಂಕಲನದಲ್ಲಿದೆ, ಪೂರ್ತಿ ಹೆಸರಿನ ಜೊತೆ. ಕ್ಲಾರ್ಕ್ ಕಥೆ 'ಟೇಲ್ಸ್ ಆಫ್ ಟೆನ್ ವರ್ಲ್ಡ್ಸ್'ನಲ್ಲಿ, ಕಿಂಗ್‌ರ ಎರಡೂ ಕಥೆಗಳು 'ನೈಟ್ ಶಿಫ್ಟ್'ನಲ್ಲಿ. ಮಾರ್ಕೆಸ್ ಕಥೆ 'ಲೀಫ್ ಸ್ಟಾರ್ಮ್' ಸಂಕಲನದಲ್ಲಿದೆ. ಅದನ್ನು ಹೈಸ್ಕೂಲು ಮಕ್ಕಳಿಗೂ ಧಾರಾಳವಾಗಿ ಓದಿ ಹೇಳಬಹುದು. ಮುರಕಾಮಿಯ 'ದಿ ಸೆಕೆಂಡ್ ಬೇಕರಿ ಅಟ್ಯಾಕ್' 'ದಿ ಎಲಿಫೆಂಟ್ ವ್ಯಾನಿಷಸ್' ಪುಸ್ತಕದಲ್ಲಿದೆ: ನಡುರಾತ್ರಿ ಹಸಿವಾಗಿ ಎದ್ದ ಗಂಡ ಹೆಂಡತಿ ಬೇಕರಿ ದೋಚಲು ಹೊರಟು, ತೆರೆದಿರುವ ಬೇಕರಿ ಸಿಗದೆ ಬರ್ಗರ್ ಅಂಗಡಿಗೆ ನುಗ್ಗುತ್ತಾರೆ. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ. ಡಾಲ್‌ನ ಆ ಕಥೆ ಮಾತ್ರ 'ಸ್ವಿಚ್ ಬಿಚ್' ಎಂಬ ಸಂಕಲನದಲ್ಲಿದೆ. ಅದನ್ನು ಮಕ್ಕಳ ಕೈಗೆ ಸಿಗದ ಅಟ್ಟದಲ್ಲಿಡಿ. ಅದೇ ಲೇಖಕರ ಮಕ್ಕಳ ಪುಸ್ತಕಗಳ ಸಾಲಿಗೆ ಅಪ್ಪಿತಪ್ಪಿ ಸೇರಿಸಿಬಿಡಬೇಡಿ, ಗ್ರಂಥಾಲಯಗಳಲ್ಲೇ ಹಾಗಾಗಬಹುದು.